ಮೂಸದ ಹೂವು

ಸೆರಗಿನ ತುದಿಯಲ್ಲಿ ಕಡಲೆಕಾಳಿನಷ್ಟು ಒಂದು ಕಲೆ ಇತ್ತು. ಗಂಗಾಂಬಿಕೆ ಬೆಳಗಿನಿಂದ ಅದನ್ನು ಮೂರು ಸಲ ತೊಳೆದಿದ್ದಳು. ಮೊದಲ ಸಲ ಬರಿಯ ನೀರಿನಲ್ಲಿ, ಎರಡನೆಯ ಸಲ ಸೀಗೆಪುಡಿ ಹಾಕಿ, ಮೂರನೆಯ ಸಲ ಒಲೆಯ ಬೂದಿ ಹಾಕಿ. ತಿಕ್ಕಿದಷ್ಟೂ ಅದು ಅಗಲವಾಯಿತೇ ಹೊರತು ಹೋಗಲಿಲ್ಲ. ಅರಿಶಿನದ ಕಲೆಯಾಗಿದ್ದರೆ ಬೂದಿ ತಾಗಿದ ಕೂಡಲೇ ಕೆಂಪಗೆ ತಿರುಗಬೇಕಿತ್ತು. ಇದು ತಿರುಗಲಿಲ್ಲ. ಯಾಕೆ ತಿರುಗಲಿಲ್ಲ ಎಂದು ಸೆರಗನ್ನು ಬಿಸಿಲಿಗೆ ಹಿಡಿದು ಒಂದು ಗಳಿಗೆ ಆಸೆಯಿಂದ ನೋಡಿದಳು. ಆಮೇಲೆ, ಒಳಗೆ ಮಾವನವರು ಬೆಳಗಿನಿಂದ ಬಾಯಿಗೆ ಒಂದು ತೊಟ್ಟು ನೀರು ಬಿಡದೆ ಕೂತಿರುವಾಗ ತಾನಿಲ್ಲಿ ಬಾವಿಕಟ್ಟೆಯಲ್ಲಿ ನಿಂತು ಕಲೆಯ ಬಣ್ಣ ಪರೀಕ್ಷೆ ಮಾಡುತ್ತಿದ್ದೇನಲ್ಲ ಎಂದು ನಾಚಿಕೆಯಾಗಿ, ಒದ್ದೆ ತುದಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏನೇ ಯಾಕಮ್ಮ, ಬಾವಿಕಟ್ಟೆ ಮ್ಯಾಲೇ ಬೇರು ಬಿಟ್ಬುಟ್ಟಾ?" ಅತ್ತೆ ಗುರುಸಿದ್ದಮ್ಮ ಅಡಿಗೆಮನೆಯ ಕಿಟಕಿಯಿಂದ ಕೂಗಿದರು.

"ಬಂದೆ ಅತ್ತೆ."

ಯಾಕಮ್ಮ ಎನ್ನುವುದು ಅವಳು ಈ ಮನೆಗೆ ಬಂದ ವರ್ಷವೇ ಗುರುಸಿದ್ದಮ್ಮ ಇಟ್ಟ ಹೆಸರು. ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯವರ ಮಗಳು, ಹೊಳೆನರಸೀಪುರದ ಜವಳಿ ಅಂಗಡಿಯವರ ಸೊಸೆ; ಆಡಿಕೊಳ್ಳುವುದಕ್ಕೆ ಅವಳ 'ಯಾಕೆ'ಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಹೊಳೆಯ ನೀರು ಬೆಳಗಿನ ಜಾವ ಯಾಕೆ ಬೆಚ್ಚಗಿರುತ್ತದೆ, ಹೆಂಚಿನ ಮೇಲಿನ ರೊಟ್ಟಿ ಯಾಕೆ ಉಬ್ಬುತ್ತದೆ, ಮಾವನವರು ಕೆಮ್ಮುವ ಮೊದಲು ಕೈಯನ್ನೇ ಯಾಕೆ ನೋಡಿಕೊಳ್ಳುತ್ತಾರೆ. ಅರಕಲಗೂಡಿನ ನೆಂಟರ ಪಂಕ್ತಿಗೆ ಒಮ್ಮೆ ತುಪ್ಪ ಬಡಿಸುತ್ತ, ಬಿಸಿ ಅನ್ನದ ಮೇಲೆ ಬಿದ್ದ ತುಪ್ಪ ಯಾಕೆ ಕಾಣದಂತಾಗುತ್ತದೆ ಎಂದು ಬಾಯಿತಪ್ಪಿ ಕೇಳಿಬಿಟ್ಟಿದ್ದಳು. "ಕಾಣಂಗೆ ಬಡ್ಸಮ್ಮ, ಆಗ ಕಾಣ್ತದೆ" ಎಂದು ಒಬ್ಬರು ಅಂದದ್ದಕ್ಕೆ ಇಡೀ ಪಂಕ್ತಿ ನಕ್ಕಿತ್ತು. ಗಂಡ ಬಸವರಾಜು ಕೂಡ, ಎಲೆ ನೋಡಿಕೊಂಡು, ಭುಜ ಅಲುಗುವ ಹಾಗೆ ನಕ್ಕಿದ್ದ. ಅಂದಿನಿಂದ ಪ್ರಶ್ನೆಗಳನ್ನು ಅವಳು ಒಳಗೇ ಕೇಳಿಕೊಳ್ಳುತ್ತಿದ್ದಳು. ಒಳಗೆ ಹೋದ ಮೇಲೆ ಅವು ಕಡಿಮೆಯಾಗುವುದರ ಬದಲು ಹೆಚ್ಚಾದವು, ಅದು ಯಾಕೆ ಎನ್ನುವುದೂ ಸೇರಿ.

ನಡುಮನೆಯ ಮೂಲೆಯಲ್ಲಿ ಮಾವ ರುದ್ರಯ್ಯನವರು ಪೂಜೆಯ ಮಣೆಯ ಮೇಲೆ ಬೆಳಿಗ್ಗೆ ಕೂತ ಹಾಗೇ ಕೂತಿದ್ದರು. ಮುಖ ಕೆಳಗೆ, ಹಣೆಯ ವಿಭೂತಿ ಒಣಗಿ ಬಿರಿದಿತ್ತು, ಬರಿದಾದ ಎಡ ಅಂಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಎದುರಿನ ಹಿತ್ತಾಳೆ ತಟ್ಟೆಯಲ್ಲಿ ಬಿಳಿ ವಸ್ತ್ರ ಹೊದಿಸಿಕೊಂಡ ಅವರ ಇಷ್ಟಲಿಂಗ, ಪಕ್ಕದಲ್ಲಿ, ನೆಲದ ಮೇಲೆ, ಬಿದ್ದಲ್ಲೇ ಬಿದ್ದಿದ್ದ ಕೇಸರಿ ಬಣ್ಣದ ಹೂವು. ಐವತ್ತು ವರ್ಷದಿಂದ ದಿನವೂ ಅಂಗೈಯಲ್ಲಿ ಹಿಡಿದು ಪೂಜಿಸಿದ ಲಿಂಗ ಇವತ್ತು ಬೆಳಿಗ್ಗೆ ಆ ಅಂಗೈಯಿಂದ ಜಾರಿ ನೆಲ ಮುಟ್ಟಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಚೌಕಾಬಾರದ ಕವಡೆ ಮಗುಚಿದ ಹಾಗೆ 'ಟಕ್' ಎಂದಿತು, ಅಷ್ಟೆ. ಆ ಮನೆಯ ನಡಾವಳಿಯಂತೆ, ಮಠದ ಅಯ್ಯನವರು ಬಂದು ತಮ್ಮ ಕೈಯಿಂದ ಲಿಂಗವನ್ನು ಮತ್ತೆ ಅಂಗೈಗೆ ಕೊಡುವ ತನಕ ಆ ಮನುಷ್ಯನಿಗೆ ಅನ್ನವಿಲ್ಲ, ನೀರಿಲ್ಲ, ಮಣೆಯಿಂದ ಏಳುವುದಿಲ್ಲ. ಲಿಂಗವನ್ನು ತಟ್ಟೆಗೆ ಎತ್ತಿಡುವುದೊಂದು ಬಿಟ್ಟರೆ ಅಲ್ಲಿನ ಒಂದು ವಸ್ತುವನ್ನೂ ಯಾರೂ ಕದಲಿಸುವುದಿಲ್ಲ. ರುದ್ರಯ್ಯನವರ ಚಿಕ್ಕಪ್ಪ ಹೀಗೇ ಕೂತು, ಅಯ್ಯನವರು ಎಲ್ಲೋ ದೂರದ ಯಾತ್ರೆಯಲ್ಲಿದ್ದು, ಮೂರನೆಯ ದಿನ ಮಣೆಯ ಮೇಲೇ ವಾಲಿಕೊಂಡವರು ಮತ್ತೆ ಏಳಲಿಲ್ಲವಂತೆ. ಈಗಿನ ಅಯ್ಯನವರು ಷಡಕ್ಷರಯ್ಯ ಯಾರದೋ ಗೃಹಪ್ರವೇಶಕ್ಕೆ ಚನ್ನರಾಯಪಟ್ಟಣಕ್ಕೆ ಹೋಗಿದ್ದರು. ಅಂಗಡಿಯ ಗುಂಡಯ್ಯ ಅವರನ್ನು ಕರೆತರಲು ಮೊದಲ ಬಸ್ಸಿಗೇ ಹೋಗಿದ್ದ. ಯುದ್ಧ ಶುರುವಾದ ಮೇಲೆ ಪೆಟ್ರೋಲು ಇಲ್ಲದೆ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಯಾವುದು ಎಲ್ಲಿ ನಿಲ್ಲುತ್ತದೆಂದು ಡ್ರೈವರಿಗೇ ಗೊತ್ತಿರುತ್ತಿರಲಿಲ್ಲ. ಬಸವರಾಜು ಅರಕಲಗೂಡಿನ ಸಂತೆಗೆ ಸೀರೆಗಂಟು ಹೊರಿಸಿಕೊಂಡು ನಿನ್ನೆಯೇ ಹೋಗಿದ್ದ. ಮನೆಯಲ್ಲಿದ್ದವರು ಮೂವರು. ಆ ಮೂವರಲ್ಲಿ ಲಿಂಗ ಯಾಕೆ ಬಿತ್ತು ಎನ್ನುವುದು ತನಗೊಬ್ಬಳಿಗೇ ಗೊತ್ತು ಎಂದು ಗಂಗಾಂಬಿಕೆ ತಿಳಿದುಕೊಂಡಿದ್ದಳು.

ಅವಳು ಆ ಹೂವನ್ನು ಮೂಸಿದ್ದಳು.

ಪೂಜೆಯ ಹೂವನ್ನು ಯಾರೂ ಮೂಸಬಾರದು. ಮೂಸಿದರೆ ಅದು ಎಂಜಲು. ಆರು ವರ್ಷದವಳಿದ್ದಾಗ ಒಂದು ಸಂಪಿಗೆಯನ್ನು ಮೂಗಿನ ಹತ್ತಿರ ತಂದದ್ದಕ್ಕೆ ಅಜ್ಜಿ ಬಸವಲಿಂಗಮ್ಮ ಬಂದವರೆಲ್ಲರ ಎದುರಿಗೆ ಕೈಗೆ ಪಟೀರೆಂದು ಕೊಟ್ಟಿದ್ದಳು. ಬಾಯಿಗೆ ಎಂಜಲುಂಟು, ಮೂಗಿಗೆ ಯಾವ ಎಂಜಲು ಅಜ್ಜಿ ಎಂದು ಕೇಳಿದ್ದಕ್ಕೆ ಇನ್ನೊಂದು ಕೊಟ್ಟಿದ್ದಳು. ಸಂಪಿಗೆಯನ್ನಾದರೂ ಮೂಸಬೇಕಾಗಿಲ್ಲ, ಅದೇ ಬಂದು ಮೂಗು ಹುಡುಕುತ್ತದೆ. ಮಲ್ಲಿಗೆ, ಜಾಜಿ, ಸುಗಂಧರಾಜ, ಎಲ್ಲವೂ ಹಾಗೇ. ಆದರೆ ಈ ಹೂವು ಬೇರೆ. ಇದು ಊರಲ್ಲೇ ಇರಲಿಲ್ಲ. ಹೊಳೆದಾರಿಯ ಸರ್ಕಾರಿ ಬಂಗಲೆಯ ತೋಟದಲ್ಲಿ ಮಾಲಿ ಮಂಚಯ್ಯ ನೀರು ಹೊಯ್ಯುತ್ತಿದ್ದ ಒಂದು ಸಾಲು, ಕೊಡೆಯ ಹಿಡಿಯಂಥ ಉದ್ದನೆಯ ದಂಟಿನ ತುದಿಯಲ್ಲಿ ಉರಿಯುತ್ತಿದ್ದ ಆ ಬಣ್ಣ, ಹೊಳೆಗೆ ಹೋದಾಗಲೆಲ್ಲ ಅವಳ ಕಣ್ಣಿಗೆ ಬೀಳುತ್ತಿತ್ತು. ಬೆಳಿಗ್ಗೆ ಇದ್ದದ್ದು ಸಂಜೆಗೆ ಇರುತ್ತಿರಲಿಲ್ಲ. ಮರುದಿನ ಮತ್ತೆ ಇರುತ್ತಿತ್ತು. ಹಿತ್ತಲ ಬೇಲಿಯಾಚೆ ಹುಲ್ಲು ಕೊಯ್ದುಕೊಳ್ಳಲು ಬಂದ ಮಂಚಯ್ಯನನ್ನು ಕೇಳಿಯೇಬಿಟ್ಟಿದ್ದಳು.

"ಅದೇ ಹೂವು ಮುಚ್ಕೊಂಡು ಮತ್ತೆ ಬಿಚ್ಕೊಳ್ತದಾ ಮಂಚಯ್ಯ?"

"ಎಲ್ಲಾರ ಉಂಟಾ ಅವ್ವಾ! ಅದ್ರ ಆಯಸ್ಸು ಒಂದು ಅಗಲು. ಒತ್ತು ಮುಳುಗ್ತಾ ಮುದುರ್ಕೊಂಡ್ರೆ ಮುಗೀತು. ಮಾರ್ನೆ ದಿನದ್ದು ಅದ್ರ ಪಕ್ಕದ ಮೊಗ್ಗು. ದೊರೆಸಾನಿ ಅದ್ಕೆ ಡೇಲಿಲ್ಲಿ ಅಂತಿದ್ರು. ನನ್ನ ನಾಲಿಗೆಗೆ ಬಂಗ್ಲೆ ಊವೇ ಸಲೀಸು."

"ವಾಸನೆ ಐತಾ?"

"ನನ್ನ ಮೂಗು ಕೇಳ್ತೀರಾ? ಬೀಡಿ ವಾಸ್ನೆ ಬುಟ್ರೆ ಇನ್ನೊಂದು ಗೊತ್ತಿಲ್ಲ ನಂಗೆ" ಎಂದು ನಕ್ಕು, ಮುಂದಿನ ವಾರ ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಒಂದು ಬುಡ ತಂದು ಬೇಲಿಯ ಮೇಲಿಟ್ಟು ಹೋಗಿದ್ದ. ಅವಳೇ ಕೇಳಿದ್ದು. "ಒಂದು ಗಡ್ಡೆ ಕೊಡ್ತೀಯಾ" ಎಂದು ಬಾಯಿಬಿಟ್ಟು ಕೇಳಿದವಳು ಅವಳೇ.

ಶತಾವರಿಯ ಬೇರಿನ ಹಾಗೆ ಗೊಂಚಲು ಗೊಂಚಲಾಗಿದ್ದ ಆ ಗಡ್ಡೆಗಳನ್ನು ಬಾವಿಯ ಬಚ್ಚಲುನೀರು ಹರಿಯುವ ಕಡೆ ನೆಟ್ಟಿದ್ದಳು. ಒಂದು ವರ್ಷ ಬರಿಯ ಎಲೆ. ಗುರುಸಿದ್ದಮ್ಮ ಹುಲ್ಲು ಸಾಕ್ತಾವ್ಳೆ ನಮ್ಮ ಸೊಸೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಈ ಮುಂಗಾರಿಗೆ ಎಲೆಗಳ ನಡುವಿನಿಂದ ಒಂದು ದಂಟು ಎದ್ದಿತು. ಒಂಬತ್ತು ಮೊಗ್ಗು. ಅವಳು ಎಣಿಸಿದ್ದಳು. ಮೊದಲನೆಯದು ಬಿಚ್ಚಿದ ಬೆಳಿಗ್ಗೆ ರುದ್ರಯ್ಯನವರು ಹಲ್ಲುಜ್ಜುತ್ತ ಹಿತ್ತಲಿಗೆ ಬಂದವರು ಬೇವಿನಕಡ್ಡಿ ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟರು. "ಇದು ಲಿಂಗಕ್ಕೆ" ಎಂದರು. ಅಲ್ಲಿಗೆ ಮುಗಿಯಿತು. ಅಂದಿನಿಂದ ದಿನಕ್ಕೊಂದು ಹೂವು, ದಿನವೂ ಲಿಂಗಕ್ಕೆ. ಪೂಜೆ ಮುಗಿದು, ಮಾವನವರು ಊಟಮಾಡಿ ಮಲಗೆದ್ದು, ನಿರ್ಮಾಲ್ಯ ತೆಗೆದು ಬಿಲ್ವದ ಬುಡಕ್ಕೆ ಹಾಕಮ್ಮ ಎಂದು ಅವಳ ಕೈಗೆ ಬರುವ ಹೊತ್ತಿಗೆ ಅದು ಹಿಂಡಿದ ಚಿಂದಿಯಾಗಿರುತ್ತಿತ್ತು. ಮೂಸಿದರೆ ವಿಭೂತಿಯ ವಾಸನೆ, ಗಂಧದ ವಾಸನೆ. ತಾನೇ ನೆಟ್ಟು ನೀರು ಹೊಯ್ದ ಹೂವಿಗೆ ವಾಸನೆ ಇದೆಯೇ ಇಲ್ಲವೇ ಎನ್ನುವುದು ನಾಲ್ಕು ಹೂವಾದರೂ ಅವಳಿಗೆ ಗೊತ್ತಿರಲಿಲ್ಲ. ಅವಳಿಗೇನು, ಹೊಳೆನರಸೀಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಂಚಯ್ಯನಿಗೆ ಬೀಡಿ, ಗುರುಸಿದ್ದಮ್ಮ ಇಪ್ಪತ್ತು ವರ್ಷದಿಂದ ನಸ್ಯ ಏರಿಸಿ ಏರಿಸಿ, ಹಾಲು ಸೀದರೂ ತಿಳಿಯದ ಸ್ಥಿತಿಯಲ್ಲಿದ್ದರು. ಒಂಬತ್ತೂ ಮುಗಿದುಹೋದರೆ? ಮುಂದಿನ ವರ್ಷದ ತನಕ ಕಾಯಬೇಕು. ಮುಂದಿನ ವರ್ಷವೂ ಹೂವು ಲಿಂಗಕ್ಕೇ.

ಇವತ್ತು, ಬಾಗಿಲಿಗೆ ಸಗಣಿನೀರು ಹಾಕಿ, ಕೈ ತೊಳೆದು, ಬಿಡಿಸಲು ಹೋದಾಗ ಐದನೆಯದು ಇಬ್ಬನಿ ಹಿಡಿದುಕೊಂಡು ಪೂರ್ತಿ ಬಿಚ್ಚಿರಲಿಲ್ಲ. ಬಿಡಿಸಿದ ಮೇಲೆ ಮೂಸಿದರೆ ಎಂಜಲು ಸರಿ, ಗಿಡದ ಮೇಲೆಯೇ ಇರುವಾಗ? ಜೇನುಹುಳ ತಲೆಕೆಳಗಾಗಿ ಒಳಗೆ ಹೊಕ್ಕು ಹೊರಳಾಡಿ ಬಂದ ಹೂವು ಲಿಂಗಕ್ಕೆ ನಡೆಯುತ್ತದೆ. ಜೇನಿಗಿಂತ ತನ್ನ ಮೂಗು ಹೆಚ್ಚು ಮೈಲಿಗೆ ಯಾಕೆ? ಹೀಗೆ ಯೋಚನೆ ಮಾಡುತ್ತಿರುವಾಗಲೇ ಅವಳು ಬಗ್ಗಿಯಾಗಿತ್ತು. ತಣ್ಣನೆಯ ಎಸಳುಗಳು ಎರಡು ಕೆನ್ನೆಗೂ ತಗುಲಿದವು. ಉಸಿರೆಳೆದುಕೊಂಡಳು. ಸರಿಯಾಗಿ ಆಗಲೇ ಒಳಗೆ ಗುರುಸಿದ್ದಮ್ಮ ಕೆಮ್ಮಿದರು. ತಟ್ಟನೆ ನೆಟ್ಟಗಾದಳು, ಎಳೆದುಕೊಂಡ ಉಸಿರು ಎಲ್ಲಿ ಹೋಯಿತೋ. ಸಗಣಿಯ ವಾಸನೆ, ತನ್ನದೇ ಕೈಯ ವಾಸನೆ ಬಿಟ್ಟು ಇನ್ನೇನೂ ನೆನಪಿರಲಿಲ್ಲ. ಮೂಗಿನ ತುದಿ ಸೆರಗಿನಿಂದ ಒರೆಸಿಕೊಂಡಾಗ ಹೂವಿನ ಪುಡಿ ಕಂದುಹಳದಿಯಾಗಿ ಅಂಟಿತು. ಹೂವನ್ನು ಬಿಡಿಸಿ, ಬುಟ್ಟಿಯಲ್ಲಿಟ್ಟು, ಮಾವನವರ ಮುಂದೆ ಇಟ್ಟಳು. ಅದನ್ನು ಇಡದೆ ಬರಿಯ ಬಿಲ್ವ ಇಡಬಹುದಿತ್ತು. ಇವತ್ತು ಹೂ ಬಿಚ್ಚಿಲ್ಲ ಮಾವ ಎನ್ನಬಹುದಿತ್ತು. ಅನ್ನಲಿಲ್ಲ. ಅರ್ಧ ಗಳಿಗೆಯಲ್ಲಿ ಆ ಸದ್ದು ಬಂತು.

ಮಧ್ಯಾಹ್ನದ ಹೊತ್ತಿಗೆ ಗುರುಸಿದ್ದಮ್ಮನಿಗೆ ಕಾರಣ ಸಿಕ್ಕಿತು. ಅವರು ಅಷ್ಟು ಹೊತ್ತೂ ನಡುಮನೆಗೂ ಹಿತ್ತಲಿಗೂ ತಿರುಗಾಡುತ್ತ, ನಸ್ಯದ ಡಬ್ಬಿ ತೆಗೆದು ಮುಚ್ಚುತ್ತ ಹುಡುಕುತ್ತಲೇ ಇದ್ದರು.

"ಹೂವೇ ಕಣೆ. ಐವತ್ತು ವರ್ಷ ಜಾರದೇ ಇದ್ದದ್ದು ಈ ಹೂವು ಬಂದ ಐದನೇ ದಿನಕ್ಕೆ ಜಾರ್ತಲ್ಲ! ಯಾವ ಕೈ ಮುಟ್ಟಿದ ಗಡ್ಡೆಯೋ ಏನ್ ಕತೆಯೋ. ಆ ಮಂಚಯ್ಯ ತಂದು ಹಾಕಿದ್ದು ತಾನೆ?"

"ಅವನು ಗಡ್ಡೆ ಕೊಟ್ಟಿದ್ದು ಅತ್ತೆ. ಹೂವು ಬಿಟ್ಟಿದ್ದು ನಮ್ಮ ಹಿತ್ಲಲ್ಲಿ."

"ನೀನು ಬಾಯ್ಮುಚ್ಚು ಯಾಕಮ್ಮ. ಅಯ್ನೋರು ಬರ್ಲಿ, ಅವರ ಎದುರಿಗೇ ಅವನ ಕೈಲೇ ಕೀಳಿಸ್ತೀನಿ ಬುಡಸಮೇತ. ಬಂಗ್ಲೆ ಸಾಹೇಬ್ರಿಗೂ ಹೇಳಿ ಕಳಿಸ್ತೀನಿ, ನಿಮ್ಮ ಮಾಲಿ ಸರ್ಕಾರಿ ಗಿಡ ಕಿತ್ತು ಊರೋರಿಗೆ ಹಂಚ್ತಾವ್ನೆ ಅಂತ."

"ಅತ್ತೆ, ಅವನ ಕೆಲ್ಸ ಹೋಯ್ತದೆ."

"ಹೋಗ್ಲಿ! ಇಲ್ಲಿ ನಮ್ಮನೆ ಯಜಮಾನ್ರ ಜೀವ ಹೋಗ್ತಾ ಐತೆ!" ಎಂದ ಗುರುಸಿದ್ದಮ್ಮನ ದನಿ ಕೊನೆಯ ಮಾತಿಗೆ ಒಡೆಯಿತು. ಸೆರಗು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಒರಗಿ ಕೂತರು. ರುದ್ರಯ್ಯನವರು ತಲೆ ಎತ್ತಲಿಲ್ಲ. ಕೇಳಿಸಿಲ್ಲವೇನೋ ಎಂದುಕೊಳ್ಳುವ ಹಾಗೂ ಇರಲಿಲ್ಲ, ಬಂಗಲೆ ಎಂಬ ಮಾತಿಗೆ ತೊಡೆಯ ಮೇಲಿನ ಆ ಅಂಗೈ ಒಮ್ಮೆ ಮುಚ್ಚಿ ತೆರೆದಿತ್ತು.

ಆಗ ಹೇಳಬಹುದಿತ್ತು. ಹೇಳಲು ಬಾಯಿ ತೆರೆದಳು ಕೂಡ. ತೆರೆದ ಬಾಯಿಯಿಂದ "ಒಲೆ ಮ್ಯಾಲೆ ಹಾಲೈತೆ" ಎಂಬ ಮಾತು ಬಂತು. ಅಡಿಗೆಮನೆಯಲ್ಲಿ ನಿಂತು, ರವಿಕೆಯ ಒಳಗೆ ಶಿವದಾರದಲ್ಲಿ ತೂಗುತ್ತಿದ್ದ ತನ್ನ ಲಿಂಗವನ್ನು ಬಟ್ಟೆಯ ಮೇಲಿನಿಂದ ಮುಟ್ಟಿ ನೋಡಿಕೊಂಡಳು. ಇದ್ದಲ್ಲೇ ಇತ್ತು. ತಪ್ಪು ಮಾಡಿದವಳದು ಇದ್ದಲ್ಲೇ ಇದೆ, ಮಾಡದವರದು ಬಿತ್ತು. ಇದೆಂಥ ಲೆಕ್ಕ? ಕೇಳುವುದಕ್ಕೆ ಯಾರೂ ಇರಲಿಲ್ಲ. ಬೆಳಗಿನಿಂದಲೂ ಏನಾದರೊಂದು ನೆವ ಮಾಡಿಕೊಂಡು ನಡುಮನೆಗೆ ಹೋಗಿ ಹೂವನ್ನು ನೋಡಿ ಬರುತ್ತಿದ್ದಳು. ಹತ್ತು ಗಂಟೆಗೆ ಅದು ತಾಜಾ ಇತ್ತು. ಊಟದ ಹೊತ್ತಿಗೆ ಎಸಳಿನ ಅಂಚು ನೀರು ಕುಡಿದ ಕಾಗದದ ಹಾಗೆ ಪಾರದರ್ಶಕವಾಗಿತ್ತು. ಮೂರು ಗಂಟೆಗೆ ಎಸಳುಗಳು ಒಂದನ್ನೊಂದು ಹಿಡಿದುಕೊಂಡು ಒಳಕ್ಕೆ ಮುದುರಲು ಶುರುಮಾಡಿದ್ದವು. ಮಾವನವರ ತುಟಿಯೂ ಹಾಗೇ ಒಣಗಿ ಒಳಕ್ಕೆ ಹೋಗುತ್ತಿತ್ತು. ಹೂವಿಗೆ ಒಂದು ಹಗಲು. ಮುದುಕರಿಗೆ ಎಷ್ಟು ಹಗಲು? ಹಿತ್ತಲಿಗೆ ಹೋಗಿ ದಂಟನ್ನು ನೋಡಿದಳು. ಉಳಿದ ನಾಲ್ಕರಲ್ಲಿ ಎರಡು ಮೊಗ್ಗು ಒಟ್ಟಿಗೇ ಊದಿಕೊಂಡು ಬಣ್ಣ ತಿರುಗಿದ್ದವು. ಇಷ್ಟು ದಿನ ಒಂದೊಂದೇ ಬಿಚ್ಚುತ್ತಿದ್ದದ್ದು ನಾಳೆ ಎರಡು ಯಾಕೆ ಎಂಬ ಯೋಚನೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ನಾಳೆ ಈ ಗಿಡವೇ ಇರುವುದಿಲ್ಲ.

ಹೊತ್ತು ಇಳಿಯುವಾಗ ಷಡಕ್ಷರಯ್ಯನವರು ಬಂದರು. ಕಾವಿಯ ಮೇಲೆಲ್ಲ ಇದ್ದಿಲ ಮಸಿ, ಎರಡೂ ಕೈ ಕಪ್ಪು.

"ನೀರು ಕೊಡ್ರವ್ವ ಮೊದ್ಲು. ಮೂರು ಸಲ ಇಳಿದು ತಳ್ಳಿದೀವಿ ಆ ಬಸ್ಸನ್ನ. ಜಂಗಮ ಅಂತ ಬಿಡ್ತಾನಾ ಕಂಡಕ್ಟ್ರು? 'ಅಯ್ನೋರೇ, ನಿಮ್ದೂ ಒಂದು ಕೈ ಹಾಕಿ' ಅಂದ. ಹಾಕ್ದೆ. ಈ ಗುಂಡಯ್ಯ ಮಾತ್ರ ನನ್ನ ಚೀಲ ಹಿಡ್ಕೊಂಡು ಪಕ್ಕದಲ್ಲಿ ನಡೆದು ಬಂದ, ಕಳ್ಳ!"

ಅಯ್ಯನವರು ಕೈಕಾಲು ತೊಳೆದು ಬಂದು ರುದ್ರಯ್ಯನವರ ಎದುರಿಗೆ ಕೂತು, ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಗುರುಸಿದ್ದಮ್ಮ ದೀಪ ತಂದು ಇಬ್ಬರ ನಡುವೆ ಇಟ್ಟು, ಒಂದೇ ಉಸಿರಿನಲ್ಲಿ ಹೂವು, ಗಡ್ಡೆ, ಬಂಗಲೆ ಎಲ್ಲ ಹೇಳಿದರು. ಹಿಂಬಾಗಿಲ ಹೊರಗೆ, ಹೇಳಿಕಳಿಸಿ ಕರೆಸಿದ್ದ ಮಂಚಯ್ಯ ಗುದ್ದಲಿ ಹಿಡಿದು ನಿಂತಿದ್ದ. ಬಾಗಿಲ ಚೌಕಟ್ಟಿನಲ್ಲಿ ಅವನ ಅರ್ಧ ಭುಜ ಮಾತ್ರ ಕಾಣುತ್ತಿತ್ತು.

"ಕೀಳು ಅಂದ್ರೆ ಕೀಳ್ತೀನಿ ಅಮ್ಮಾರೆ" ಎಂದ ಅವನು ಹೊರಗಿನಿಂದಲೇ. "ಆದ್ರೆ ಒಂದ್ ಮಾತು. ನಾನು ಕೊಟ್ಟ ಗಡ್ಡೆ ಓದ್ವರ್ಸವೇ ಕರಗ್ಬುಟ್ಟೈತೆ. ಈಗಿರೋದು ನಿಮ್ಮ ಮಣ್ಣಾಗೆ ಉಟ್ಟಿ, ನಿಮ್ಮ ಬಾವಿ ನೀರು ಕುಡ್ದಿರೋದು. ಅದ್ರಾಗೆ ನನ್ನ ಕೈ ಎಲ್ಲೈತೆ, ಉಡುಕ್ಕೊಡಿ. ಬಂಗ್ಲೆಗೆ ಏಳ್ಬ್ಯಾಡಿ. ಎಂಡ್ರು ಮಕ್ಳು ಅವ್ರೆ."

"ಬಾಯ್ ನೋಡು ಇವಂದು!" ಎಂದರು ಗುರುಸಿದ್ದಮ್ಮ. "ಮೊದ್ಲು ಅಗಿ ನೀನು."

ಗುದ್ದಲಿ ಎತ್ತಿದ ಸದ್ದು ಕೇಳಿತು. ಗಂಗಾಂಬಿಕೆ ಅಡಿಗೆಮನೆಯ ಬಾಗಿಲ ಮರೆಯಿಂದ ನಡುಮನೆಗೆ ಬಂದಳು. ಅಯ್ಯನವರ ಎದುರಿಗೆ ಬಂದು ಮಾತಾಡುವ ಸೊಸೆ ಆ ಮನೆಯಲ್ಲಿ ಇರಲಿಲ್ಲ, ಹಾಗಾಗಿ ಎಲ್ಲರೂ ಅವಳು ನೀರೋ ಬತ್ತಿಯೋ ತಂದಳೆಂದುಕೊಂಡು ದಾರಿ ಬಿಟ್ಟರು.

"ಅವನದೇನೂ ಇಲ್ಲ" ಎಂದಳು. "ಗಡ್ಡೆ ಬೇಕು ಅಂತ ಕೇಳಿದೋಳು ನಾನು. ಬೆಳಿಗ್ಗೆ ಹೂವ ಮೂಸಿ ಆಮೇಲೆ ತಂದಿಟ್ಟೋಳೂ ನಾನು."

"ಅಯ್ಯೋ ನಿನ್ನ ಬಾಯಿಗೆ..." ಗುರುಸಿದ್ದಮ್ಮ ಕೂತಲ್ಲೇ ಹಣೆ ಚಚ್ಚಿಕೊಂಡರು. "ಯಾಕೆ? ಯಾಕೇ ಮೂಸ್ದೆ?"

ಯಾಕೆ ಎಂದು ಈ ಮನೆಯಲ್ಲಿ ಯಾರಾದರೂ ಅವಳನ್ನು ಕೇಳಿದ್ದು ಅದೇ ಮೊದಲು. ಅವಳಲ್ಲಿ ಉತ್ತರವಿತ್ತು, ಆದರೆ ಅದು ಎಷ್ಟು ಚಿಕ್ಕದೆಂದರೆ ಹೇಳಿದರೆ ಪಂಕ್ತಿಯಲ್ಲಿ ನಕ್ಕವರ ಹಾಗೆ ಇವರೂ ನಗಬಹುದು ಅನಿಸಿತು.

"ವಾಸನೆ ಐತಾ ಅಂತ" ಎಂದಳು.

ಯಾರೂ ನಗಲಿಲ್ಲ. ಅಯ್ಯನವರು ಗಡ್ಡ ನೀವಿಕೊಂಡರು. "ಹೂವು ಮೂಸಿದ್ದಕ್ಕೆ ಲಿಂಗ ಜಾರ್ತದಾ? ನಂಗೆ ಗೊತ್ತಿಲ್ಲಪ್ಪ. ನಾನು ಓದಿದ್ರಲ್ಲಿ ಎಲ್ಲೂ ಕಂಡಿಲ್ಲ. ಹೇಳ್ಬೇಕಾದೋನು ನೀನು ರುದ್ರಯ್ಯ. ಕೈ ನಿಂದು."

ಗಂಗಾಂಬಿಕೆ ಮಾವನವರ ಮುಂದೆ ಮಂಡಿಯೂರಿ ನೆಲಕ್ಕೆ ಹಣೆ ಹಚ್ಚಿದಳು. ಏಳುವಾಗ ದೀಪ ಇಬ್ಬರ ನಡುವೆ ಇತ್ತು. ಏಳು ವರ್ಷದಲ್ಲಿ ಅವಳು ಆ ಮುಖವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಸೊಸೆ ಮಾವನ ಪಾದ ನೋಡುತ್ತಾಳೆ, ತಟ್ಟೆ ನೋಡುತ್ತಾಳೆ, ಮುಖ ಯಾರು ನೋಡುತ್ತಾರೆ? ಬಿರಿದ ವಿಭೂತಿ, ಒಳಗೆ ಹೋದ ಕಣ್ಣು, ಬೆಳಗಿನಿಂದ ತೊಳೆಯದ ಬಿಳಿಯ ಮೀಸೆ. ಮೀಸೆಯ ನಡುವೆ, ಸರಿಯಾಗಿ ಮೂಗಿನ ಕೆಳಗೆ, ಒಂದು ಕಂದುಹಳದಿ ಗೀಟು.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಸ್ಯವಿರಬಹುದೇ? ಮಾವನವರು ನಸ್ಯ ಏರಿಸುವವರಲ್ಲ. ಅರಿಶಿನ? ಗಂಡಸರ ಮೀಸೆಗೆ ಅರಿಶಿನವೆಲ್ಲಿಂದ? ಬಾವಿಕಟ್ಟೆಯಲ್ಲಿ ಬೂದಿ ಹಾಕಿದರೂ ಕೆಂಪಾಗದಿದ್ದ ಆ ಬಣ್ಣವನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಊರಲ್ಲಿ ಇನ್ನಾರೂ ಇರಲಿಲ್ಲ. ಅವಳ ಕಣ್ಣು ಅಲ್ಲೇ ನಿಂತಿತು. ರುದ್ರಯ್ಯನವರು ಅವಳ ಕಣ್ಣನ್ನು ನೋಡಿದರು. ಆಮೇಲೆ, ನಮಸ್ಕಾರ ಮಾಡುವಾಗ ಸೊಂಟದಿಂದ ಸಡಿಲಿ ನೆಲದ ಮೇಲೆ ಬಿದ್ದಿದ್ದ ಸೆರಗಿನ ತುದಿಯನ್ನು, ಅದರ ಮೇಲಿನ ಅಗಲವಾದ ಕಲೆಯನ್ನು ನೋಡಿದರು. ಅವರ ಬಲಗೈ ನಿಧಾನವಾಗಿ ಮೇಲೆದ್ದು, ಒಂದು ಬೆರಳು ಮೀಸೆಯ ಮೇಲೆ ಹಾದು ಬಂತು. ಬೆರಳನ್ನು ದೀಪದ ಹತ್ತಿರ ಹಿಡಿದು ನೋಡಿಕೊಂಡರು. ಪಂಚೆಗೆ ಒರೆಸಿಕೊಂಡರು.

"ಗುದ್ದಲಿ ಇಡು ಮಂಚಯ್ಯ" ಎಂದರು. ದಿನವಿಡೀ ಆಡದಿದ್ದ ದನಿ ಗೀರಿಕೊಂಡು ಬಂತು. "ನೀನು ಮನೆಗೆ ಹೋಗು. ಬಂಗ್ಲೆಗೆ ಈ ಮನೆಯಿಂದ ಯಾರೂ ಏನೂ ಹೇಳಕೂಡದು."

"ಅಂಗೇ ಆಗ್ಲಿ ಬುದ್ಧಿ" ಎಂದ ಮಂಚಯ್ಯನ ಅರ್ಧ ಭುಜ ಚೌಕಟ್ಟಿನಿಂದ ಮಾಯವಾಯಿತು.

"ಅಯ್ನೋರೇ, ಹೂವಿಂದಲ್ಲ, ಹುಡುಗೀದೂ ಅಲ್ಲ" ಎಂದರು ರುದ್ರಯ್ಯನವರು. "ಕೈ ಓರೆ ಆಗಿದ್ದು ನಂದು. ಮನಸ್ಸು ಲಿಂಗದ ಮ್ಯಾಲೆ ಇರ್ಲಿಲ್ಲ. ಮಧ್ಯಾಹ್ನ ನಮ್ಮನೆಯೋಳು ಆ ಮಂಚಯ್ಯನ್ನ ಬೈಯುವಾಗ್ಲೇ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ."

"ಎಲ್ಲಿತ್ತು ಮನಸ್ಸು?" ಎಂದು ಅಯ್ಯನವರು ಕೇಳಲಿಲ್ಲ. ವಸ್ತ್ರ ತೆಗೆದು, ಲಿಂಗಕ್ಕೆ ನೀರೆರೆದು, ವಿಭೂತಿ ಹಚ್ಚಿ, ಮೆಲ್ಲಗೆ ಮಂತ್ರ ಹೇಳುತ್ತ ಅದನ್ನು ರುದ್ರಯ್ಯನವರ ಅಂಗೈಗೆ ಇಟ್ಟು, ಆ ಬೆರಳುಗಳನ್ನು ಒಂದೊಂದಾಗಿ ತಾವೇ ಮಡಿಸಿದರು. ಗುರುಸಿದ್ದಮ್ಮ ಗಟ್ಟಿಯಾಗಿ ಅತ್ತರು, ಆಮೇಲೆ ಮೂಗೊರೆಸಿಕೊಂಡು, ಅಯ್ಯನವರಿಗೆ ಅಡಿಗೆಯಾಗಬೇಕು ಎಂದು ಎದ್ದು, ಸೊಸೆಯನ್ನು ಹಾದುಹೋಗುವಾಗ ತಲೆಯ ಮೇಲೆ ಮೊಟಕಿ, "ನಿನ್ನ ಆಮ್ಯಾಕೆ ವಿಚಾರಿಸ್ಕೊಳ್ತೀನಿ" ಎಂದರು. ಮೊಟಕಿದ್ದು ನೋಯಲಿಲ್ಲ.

ಅಯ್ಯನವರು ಜಗಲಿಗೆ ಹೋಗಿ ಗುಂಡಯ್ಯನನ್ನು ಬಸ್ಸಿನ ವಿಷಯಕ್ಕೆ ಮತ್ತೆ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಗಂಗಾಂಬಿಕೆ ಬೆಚ್ಚಗಿನ ಗಂಜಿಗೆ ಮಜ್ಜಿಗೆ ಬೆರೆಸಿ ಲೋಟದಲ್ಲಿ ತಂದು ಮಾವನವರ ಮುಂದಿಟ್ಟಳು. ನೆಲದ ಮೇಲಿದ್ದ ಹೂವನ್ನು ಎತ್ತಿಕೊಂಡಳು. ಅದು ಹಿಂಡಿದ ಚಿಂದಿಯಾಗಿತ್ತು. ಬಿಲ್ವದ ಬುಡಕ್ಕೆ ಹಾಕಲು ತಿರುಗಿದಾಗ ಅವರು ದನಿ ತಗ್ಗಿಸಿ, ಲೋಟವನ್ನೇ ನೋಡುತ್ತ ಕೇಳಿದರು:

"ಸಿಕ್ತೇನಮ್ಮ ನಿಂಗೆ?"

ಏನು ಎಂದು ಅವಳು ಕೇಳಲಿಲ್ಲ.

"ಇಲ್ಲ ಮಾವ. ಅತ್ತೆ ಕೆಮ್ಮಿದ್ರು. ಗಾಬರಿ ಆಯ್ತು."

"ನಂಗೂ ಇಲ್ಲ" ಎಂದರು ರುದ್ರಯ್ಯನವರು. "ಉಸಿರು ಎಳ್ಕೊಳೋ ಅಷ್ಟ್ರಲ್ಲಿ ಜಾರ್ತು."

ಎರಡು ಗುಟುಕು ಕುಡಿದರು. ಗಂಟಲು ಏರಿ ಇಳಿಯುವುದನ್ನು ಅವಳು ನೋಡುತ್ತ ನಿಂತಳು. ಅವರು ಮೀಸೆ ಒರೆಸಿಕೊಂಡು, ಹಿಂಬಾಗಿಲ ಆಚೆಯ ಕತ್ತಲಾಗುತ್ತಿದ್ದ ಹಿತ್ತಲಿನ ಕಡೆ ಮುಖ ತಿರುಗಿಸಿದರು.

"ನಾಳೆಗೆ ಎಷ್ಟವೆ?"

"ಎರಡವೆ ಮಾವ" ಎಂದಳು ಗಂಗಾಂಬಿಕೆ.